ಮಲಿದಾಕ್ಕೆ ಕೈಜೋಡಿಸಿದ ನಿಮಗೆಲ್ಲ

ಅಪ್ಪ ಆಸ್ಪತ್ರೆಯಿಂದ ಗುಣವಾಗಿ ಬಂದದ್ದಕ್ಕೆ ಹೊತ್ತಿದ್ದ ಹರಕೆ ಕಳೆದ ಶನಿವಾರ ರಾತ್ರಿ ಮುಂಬೈ ಹತ್ತಿರದ ಠಾಣೆ ಊರಿನ ನಮ್ಮ ಮನೆಯಲ್ಲಿ ತೀರಿತು. ಅದಕ್ಕೆ ದುಡಿದ ಕನ್ನಡದ ನೆರೆಹೊರೆಯವರಿಗೆ ಮನೆಮಂದಿಯೆಲ್ಲರ ನಮಸ್ಕಾರ. ನಾವು ಬೆನೆ ಇಸ್ರೇಲ್, ಅಂದರೆ ಕೊಂಕಣ ಕರಾವಳಿಯ ಯಹೂದಿಗಳು, ಹರಕೆ ತೀರಿಸುವುದು ಮಲಿದಾ ಎಂಬ ಸಿಹಿ ಹಂಚಿ. ದರ್ಗಾಗಳ ಮಲಿದಾ ರೊಟ್ಟಿ ಪುಡಿಯದು, ನಮ್ಮದು ಅವಲಕ್ಕಿಯದು. ಎಲಿಯಾಹು ಪ್ರವಾದಿಯನ್ನು ನೆನೆದು ಹಾಡುತ್ತೇವೆ. ಸ್ತುತಿ ಮಾತ್ರ ದೇವರೊಬ್ಬನಿಗೇ.

ನೀವು ಮಾಡಿದ ಒಂದೊಂದು ಕೆಲಸವೂ ಯಾಕೆ ಅಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕು. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಶಬ್ಬಾತ್, ನಮ್ಮ ವಾರದ ವಿಶ್ರಾಂತಿಯ ದಿನ. ಆಗ ಒಲೆ ಹಚ್ಚುವಂತಿಲ್ಲ, ತುರಿಯುವಂತಿಲ್ಲ, ಕಸಕಡ್ಡಿ ಆರಿಸುವಂತಿಲ್ಲ. 1 ಕಿಲೋ ಗಟ್ಟಿ ಅವಲಕ್ಕಿಯನ್ನು ಶುಕ್ರವಾರ ಮಧ್ಯಾಹ್ನವೇ ಹಸನು ಮಾಡಿಕೊಟ್ಟಿರಿ. ಪ್ರತಿ ಖರ್ಜೂರವನ್ನೂ ಸೀಳಿ ನೋಡಿದಿರಿ, ಹುಳು ತಿನ್ನುವುದು ನಮಗೆ ನಿಷಿದ್ಧವಾದ್ದರಿಂದ. ತೆಂಗಿನಕಾಯಿಯನ್ನು ಮಾತ್ರ ಮುಂಚೆ ತುರಿದಿಟ್ಟರೆ ಸೆಖೆಗೆ ಹುಳಿಯುತ್ತದೆ. ನಕ್ಷತ್ರ ಮೂಡಿ, ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ಪ್ರಾರ್ಥನೆ ಮುಗಿದ ಕೂಡಲೇ ನಮ್ಮ ತುರಿಮಣೆಗಳ ಮುಂದೆ ಕೂತು ಎರಡು ಕಾಯಿ ಮುಗಿಸಿದ ಅಕ್ಕಂದಿರಿಲ್ಲದಿದ್ದರೆ ಬಂದವರು ಹಸಿದು ಕಾಯಬೇಕಿತ್ತು.

ಅವಲಕ್ಕಿಯನ್ನು ಎರಡು ಸಲ ತೊಳೆದು, ನೀರು ಪೂರ್ತಿ ಬಸಿದು, ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ನೀರಲ್ಲೇ ಬಿಟ್ಟರೆ ಮುದ್ದೆ. 300 ಗ್ರಾಂ ಸಕ್ಕರೆ, 12 ಏಲಕ್ಕಿ, ಚೂರು ಜಾಯಿಕಾಯಿ, ದ್ರಾಕ್ಷಿ, ಬಾದಾಮಿ ಬೀಳುವುದು ಬಡಿಸುವ ಸ್ವಲ್ಪ ಮುಂಚೆ. ಸಕ್ಕರೆ ಬೇಗ ಹಾಕಿದರೆ ನೀರೊಡೆಯುತ್ತದೆ. ತುಪ್ಪ ಯಾಕಿಲ್ಲ ಎಂದು ಕೇಳಿದಿರಲ್ಲ: ಆಮೇಲೆ ಮಾಂಸದೂಟವಿತ್ತು, ಹಾಲಿನದೂ ಮಾಂಸವೂ ಒಂದೇ ಊಟದಲ್ಲಿ ಕೂಡವು. ಜಿಡ್ಡೆಲ್ಲ ಕಾಯಿಯದೇ.

ಸುತ್ತ ಇಟ್ಟ ಹಣ್ಣುಗಳನ್ನು ನಿಮ್ಮ ಹುಡುಗರು ಸರಿಯಾಗಿ ಬೇರ್ಪಡಿಸಿದ್ದು ಬಹಳ ಹಿಡಿಸಿತು. ತಿನ್ನುವ ಮುಂಚೆ ಹೇಳುವ ಮಂತ್ರ ಹಣ್ಣಿಗೆ ತಕ್ಕಂತೆ ಬೇರೆ: ಖರ್ಜೂರ, ಸೇಬಿಗೆ ಮರದ ಫಲದ ಮಂತ್ರ. ಬಾಳೆಹಣ್ಣಿಗೆ ನೆಲದ ಫಲದ್ದು, ಏಕೆಂದರೆ ಗೊನೆ ಬಿಟ್ಟ ಮೇಲೆ ದಿಂಡು ಉಳಿಯುವುದಿಲ್ಲ, ಹಾಗಾಗಿ ಅದು ಮರವಲ್ಲ. ಬಾಳೆತೋಟ ಕಂಡವರಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಪರಿಮಳದ ಮಂತ್ರಕ್ಕೆ ಕುಂಡದಿಂದ ಕಾಮಕಸ್ತೂರಿ ಕಿತ್ತುಕೊಟ್ಟವರಿಗೂ ಋಣಿಗಳು.

ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರ ಮಿನ್ಯಾನ್ ಕೂಡಿಸುವುದೇ ಈಗ ಕಷ್ಟ, ನಮ್ಮವರಲ್ಲಿ ಬಹುಪಾಲು ಇಸ್ರೇಲಿಗೆ ಹೋಗಿದ್ದಾರೆ. ಶಬ್ಬಾತ್ ಮುಗಿಯುವವರೆಗೆ ವಾಹನ ಹತ್ತದ ಇಬ್ಬರು ಹಿರಿಯರಿಗಾಗಿ ಕಾರು ನಿಲ್ಲಿಸಿಕೊಂಡು ಕಾದು ಕರೆತಂದಿರಿ. ಹತ್ತರ ಲೆಕ್ಕ ತುಂಬಿದ್ದು ಅವರಿಂದಲೇ.

ಊಟದ ಹೊತ್ತಿಗೆ ಮೈಸೂರಿನ ಮಾತು ಬಂತು. ಮುಂಬೈ ಮಾಂಡ್ವಿಯ ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು, 1796ರ ಸಿನಗಾಗ್, ನಮ್ಮ ಪ್ರಾರ್ಥನಾ ಮಂದಿರ. ಕಟ್ಟಿಸಿದವರು ಸ್ಯಾಮ್ಯುಯೆಲ್ ಎಝಕಿಯೆಲ್ ದಿವೇಕರ್. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಅವರು ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದರು. ಬನೀ ಇಸ್ರಾಯೀಲ್ ಎಂಬ ಹೆಸರು ಕುರಾನಿನಲ್ಲಿದೆ, ಅವರನ್ನು ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಉಳಿಸಿದರೆಂಬುದು ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಬದುಕಿ ಬಂದದ್ದಕ್ಕೆ ಆ ಸಿನಗಾಗೇ ಅವರ ಹರಕೆ.

ಮರಗಳ ಹೊಸವರ್ಷವಾದ ತು ಬಿಶ್ವಾತ್ ಹಬ್ಬಕ್ಕೆ ಅಲಿಬಾಗ್ ಹತ್ತಿರದ ಖಂಡಾಲೆಗೆ ಹೊರಡುತ್ತೇವೆ. ಎಲಿಯಾಹುವಿನ ರಥದ ಗುರುತೆಂದು ನಂಬುವ ಬಂಡೆ ಅಲ್ಲಿದೆ. ಬರುವವರು ಇಡೀ ಹಣ್ಣನ್ನೇ ತನ್ನಿ. ಕತ್ತರಿಸಿ ತಂದರೆ ಚಾಕು ಯಾವ ಅಡುಗೆಗೆ ಬಳಸಿದ್ದೆಂದು ನಾವು ಕೇಳಬೇಕಾಗುತ್ತದೆ.