ಸದ್ದಿಗೂ ಒಂದು ಹೊತ್ತು ಗೊತ್ತಿರಲಿ

ಮಾನ್ಯ ಸಂಪಾದಕರೇ,

ಉದ್ಯೋಗದ ನಿಮಿತ್ತ ಕೆಲವು ವರ್ಷ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದು ಬೆಂಗಳೂರಿಗೆ ಮರಳಿರುವ ನನ್ನನ್ನು, ಎರಡೂ ಊರುಗಳ ಊಟ, ಉಡುಪು, ಹವೆಗಳ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಸದ್ದಿನ ವಿಚಾರ.

ಅಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಕ್ಕಪಕ್ಕದವರ ನಿದ್ದೆ ಕೆಡುವಂತಹ ಸದ್ದು ಮಾಡುವಂತಿಲ್ಲ. ಭಾನುವಾರ ಬಹುತೇಕ ಅಂಗಡಿಗಳೇ ಮುಚ್ಚಿರುತ್ತವೆ. ಆ ದಿನ ಗೋಡೆ ಕೊರೆಯುವುದಾಗಲಿ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದಾಗಲಿ ಇಲ್ಲ. ಖಾಲಿ ಗಾಜಿನ ಬಾಟಲಿಗಳನ್ನು ಹಾಕಲು ಬೀದಿಯಲ್ಲಿ ಇಟ್ಟಿರುವ ತೊಟ್ಟಿಗಳ ಮೇಲೂ ಯಾವ ಹೊತ್ತಿನಲ್ಲಿ ಹಾಕಬಹುದೆಂದು ಬರೆದಿರುತ್ತದೆ, ಏಕೆಂದರೆ ಗಾಜು ಒಡೆಯುವ ಸದ್ದು ಎದುರಿನ ಮನೆಯವರೆಗೂ ಕೇಳುತ್ತದೆ.

ಇದನ್ನು ಕಂಡು ಅವರು ಹುಟ್ಟಿನಿಂದಲೇ ಮೌನಿಗಳು, ನಾವು ಗದ್ದಲದವರು ಎಂದು ತೀರ್ಮಾನಿಸುವುದು ತಪ್ಪು. ಪ್ರತಿ ಸೆಪ್ಟೆಂಬರ್ ಕೊನೆಗೆ ಅದೇ ಊರಿನ ಥೆರೇಸಿಯನ್‌ವೀಸೆ ಮೈದಾನದಲ್ಲಿ ನಡೆಯುವ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆಯಲ್ಲಿ ಸಾವಿರಾರು ಜನ ಬೆಂಚುಗಳ ಮೇಲೆ ನಿಂತು, ಬ್ಯಾಂಡಿನ ಜೊತೆ ಗಂಟಲು ಬಿರಿಯುವಂತೆ ಹಾಡುತ್ತಾರೆ. ಆದರೆ ಆ ಗದ್ದಲಕ್ಕೆ ಜಾಗವೂ ಹೊತ್ತೂ ಗೊತ್ತಿವೆ. ಮಕ್ಕಳ ಗಲಾಟೆಗಂತೂ ಕಾನೂನಿನ ರಕ್ಷಣೆಯೇ ಇದೆ: ಶಿಶುವಿಹಾರ ಮತ್ತು ಆಟದ ಜಾಗಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕರವೆಂದು ಎಣಿಸಬಾರದೆಂದು 2011ರಲ್ಲಿ ಅಲ್ಲಿನ ಕಾನೂನಿಗೆ ತಿದ್ದುಪಡಿ ಮಾಡಲಾಯಿತು. ನಮ್ಮಲ್ಲಿ, ಸಂಜೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಗದರಿಸಿ ಓಡಿಸುವ ಹಿರಿಯರೇ ಪಕ್ಕದ ನಿವೇಶನದಲ್ಲಿ ಹಗಲೆಲ್ಲ ಗ್ರಾನೈಟ್ ಕೊಯ್ಯುವ ಯಂತ್ರವನ್ನೂ ನಡುರಾತ್ರಿ ಬಂದು ನಿಲ್ಲುವ ಬೋರ್‌ವೆಲ್ ಲಾರಿಯನ್ನೂ ತೆಪ್ಪಗೆ ಸಹಿಸಿಕೊಳ್ಳುತ್ತಾರೆ. ಈ ಸಹನೆ ನನಗೆ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಕಾನೂನಿಲ್ಲವೆಂದೇನೂ ಅಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶವನ್ನೂ ಇಟ್ಟಿದ್ದಾರೆ. ಗಣೇಶೋತ್ಸವವನ್ನಾಗಲಿ ರಾಜ್ಯೋತ್ಸವವನ್ನಾಗಲಿ ಕುಗ್ಗಿಸಬೇಕೆಂದು ಈ ನಿಯಮ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ನವೆಂಬರ್ ತಿಂಗಳಿಡೀ ಒಂದಲ್ಲ ಒಂದು ರಸ್ತೆಯಲ್ಲಿ ಆರ್ಕೆಸ್ಟ್ರಾ ಇಲ್ಲದಿದ್ದರೆ ಅದು ಬೆಂಗಳೂರೇ ಅಲ್ಲ.

ಮ್ಯೂನಿಕ್‌ನಲ್ಲಿ ನಾನಿದ್ದ ಕಟ್ಟಡದ ಮೆಟ್ಟಿಲ ಬಳಿ ಒಮ್ಮೊಮ್ಮೆ ಕೈಬರಹದ ಚೀಟಿ ಅಂಟಿಸಿರುತ್ತಿತ್ತು: ಶನಿವಾರ ನಮ್ಮಲ್ಲಿ ಹುಟ್ಟುಹಬ್ಬವಿದೆ, ಸ್ವಲ್ಪ ಸದ್ದಾಗಬಹುದು, ದಯವಿಟ್ಟು ಸಹಕರಿಸಿ, ಸಾಧ್ಯವಾದರೆ ನೀವೂ ಬನ್ನಿ. ಚೀಟಿ ಅಂಟಿಸುವ ಅದೇ ಜನ ಎದುರು ಬಾಗಿಲಿನವರ ಹೆಸರನ್ನು ಕರೆಗಂಟೆಯ ಫಲಕದಿಂದಷ್ಟೇ ತಿಳಿದಿರುತ್ತಿದ್ದರು ಎಂಬುದನ್ನೂ ಹೇಳಬೇಕು. ಜ್ವರ ಬಂದು ಮಲಗಿದರೆ ಗಂಜಿ ತಂದುಕೊಡುವ ನೆರೆಹೊರೆ ಅಲ್ಲಿ ನನಗೆ ಸಿಗಲಿಲ್ಲ. ಗೃಹಪ್ರವೇಶಕ್ಕೆ ಕುಂಕುಮವಿಟ್ಟು ಬೀದಿಯವರನ್ನೆಲ್ಲ ಕರೆಯುವ ನಾವು, ಬೋರ್‌ವೆಲ್ ಕೊರೆಸುವ ಹಿಂದಿನ ದಿನ ಅದೇ ಮನೆಗಳಿಗೆ ಹೋಗಿ ಒಂದು ಮಾತು ತಿಳಿಸುವುದೇನೂ ಕಷ್ಟವಲ್ಲ. ಪರೀಕ್ಷೆಗೆ ಓದುವ ಮಗು, ಆಸ್ಪತ್ರೆಯಿಂದ ಬಂದ ಮುದುಕರು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಯಾವ ಮನೆಯಲ್ಲಿದ್ದಾರೆಂಬುದು ನಮಗೆ ಚೆನ್ನಾಗಿಯೇ ಗೊತ್ತಿರುತ್ತದೆ.

ಪೊಲೀಸ್ ಇಲಾಖೆಯಲ್ಲಿ ನನ್ನದೊಂದು ವಿನಂತಿ. ಧ್ವನಿವರ್ಧಕಕ್ಕೆ ಅನುಮತಿ ಕೊಡುವಾಗ ಅದನ್ನು ನಿಲ್ಲಿಸಬೇಕಾದ ಸಮಯವನ್ನೂ ದೂರು ನೀಡಬೇಕಾದ ಠಾಣೆಯ ದೂರವಾಣಿ ಸಂಖ್ಯೆಯನ್ನೂ ದೊಡ್ಡ ಅಕ್ಷರದ ಕನ್ನಡದಲ್ಲಿ ಮುದ್ರಿಸಿ, ಆ ಹಾಳೆಯನ್ನು ಶಾಮಿಯಾನದ ಕಂಬಕ್ಕೆ ಎಲ್ಲರಿಗೂ ಕಾಣುವಂತೆ ಕಟ್ಟುವುದನ್ನು ಕಡ್ಡಾಯ ಮಾಡಬೇಕು.

ಇತಿ,
ನಿಮ್ಮ ಓದುಗ
ಜಯನಗರ, ಬೆಂಗಳೂರು