ಅಪ್‌ಡೇಟ್ ನಿಲ್ಲಿಸಬೇಡಿ, ಒಮ್ಮೆ ಇಳಿಸಿ ಹಂಚಿಕೊಳ್ಳಿ

ಮಾನ್ಯ ಸಂಪಾದಕರೇ,

ಕಚೇರಿಗಳಲ್ಲಿ ಬೆಳಿಗ್ಗೆ ಹೊತ್ತು ಇಂಟರ್‌ನೆಟ್ ತೆವಳುತ್ತದೆ, ಅದಕ್ಕೆ ಕಂಪ್ಯೂಟರ್‌ಗಳ ಅಪ್‌ಡೇಟ್ ಕಾರಣ, ಅದನ್ನು ಆಫ್ ಮಾಡಿಸಿ ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ಅವರ ಕಷ್ಟ ನಿಜ. ಆದರೆ ಅವರು ಹೇಳಿದ ಪರಿಹಾರ ತಪ್ಪು. ನಾನು ತುಮಕೂರು ಜಿಲ್ಲೆಯ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲೂ ಅದೇ ತಪ್ಪು ಆಗುವುದರಲ್ಲಿತ್ತು. ಅದಕ್ಕೇ ಈ ಪತ್ರ.

ಲ್ಯಾಬ್‌ನಲ್ಲಿ 40 ವಿಂಡೋಸ್ ಕಂಪ್ಯೂಟರ್‌ಗಳಿವೆ. ಹೊರಗಿನಿಂದ ಬರುವ ಇಂಟರ್‌ನೆಟ್ ಲೈನ್ 20 ಎಂಬಿಪಿಎಸ್ (ಮೆಗಾಬಿಟ್), ಅಂದರೆ ಸೆಕೆಂಡಿಗೆ ಎರಡೂವರೆ ಎಂಬಿ. ಆಫೀಸು, ಲೈಬ್ರರಿ ಎಲ್ಲ ಅದರಲ್ಲೇ ನಡೆಯಬೇಕು. ಹೋದ ಸಲ ದಸರಾ ರಜೆ ಮುಗಿದು ಕಾಲೇಜು ತೆರೆದ ದಿನವೇ ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನವಾಗಿತ್ತು. ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದ ಮಕ್ಕಳು ಒಂಬತ್ತೂವರೆಗೇ ಬಾಗಿಲಲ್ಲಿ ನಿಂತಿದ್ದರು. ಮೇನ್ ಸ್ವಿಚ್ ಹಾಕಿ ನಲವತ್ತೂ ಮಷಿನ್ ಒಟ್ಟಿಗೆ ಆನ್ ಮಾಡಿದೆ. ಹತ್ತು ನಿಮಿಷ ಕಳೆಯುವುದರೊಳಗೆ ಒಂದು ಪೇಜೂ ತೆರೆಯದಂತಾಯಿತು. ಒಬ್ಬ ಹುಡುಗಿಯ ಅಪ್ಪನ ಖಾತೆಯಿಂದ ಫೀಸಿನ ಹಣ ಹೋಯಿತು, ರಸೀದಿ ಬರಲಿಲ್ಲ. ಆಮೇಲೆ ಅವಳು ದಂಡ ಕಟ್ಟಿ ಅರ್ಜಿ ಹಾಕಬೇಕಾಯಿತು. ಅವತ್ತು ಅವಳು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಲೈನ್ ಕೊಟ್ಟವರಿಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಪೂರ್ತಿ ಸ್ಪೀಡ್ ಬರ್ತಿದೆ ಸರ್" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮಷಿನ್ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಎಲ್ಲ ಮಷಿನ್‌ಗಳೂ ರಜೆಯಲ್ಲಿ ಬಂದಿದ್ದ ಅಪ್‌ಡೇಟನ್ನು ಎಳೆಯುತ್ತಿದ್ದವು.

ಲೆಕ್ಕ ಹಾಕಿ ನೋಡಿ. ಒಂದು ಅಪ್‌ಡೇಟ್ 600 ಎಂಬಿ ಅಂದುಕೊಳ್ಳೋಣ. 40 ಮಷಿನ್‌ಗೆ 24 ಜಿಬಿ. ನಮ್ಮ ಲೈನ್‌ನಲ್ಲಿ ಬೇರೆ ಯಾರೂ ಏನೂ ಮಾಡದಿದ್ದರೂ ಅದು ಇಳಿಯಲು 2 ಗಂಟೆ 40 ನಿಮಿಷ ಬೇಕು. ಅದೇ ಫೈಲನ್ನು ಒಂದೇ ಸಲ ಇಳಿಸಿದರೆ ಸಾಕಾಗುವುದು 4 ನಿಮಿಷ. ಒಳಗೆ ಬಂದಮೇಲೆ ಒಂದು ಮಷಿನ್‌ನಿಂದ ಇನ್ನೊಂದಕ್ಕೆ ಹೋಗಲು ಮಷಿನ್‌ಗಳನ್ನೆಲ್ಲ ಕೇಬಲ್‌ನಲ್ಲಿ ಜೋಡಿಸುವ ಲ್ಯಾಬ್‌ನ ನೆಟ್‌ವರ್ಕ್ ಸ್ವಿಚ್ ಇದೆ, ಹೊರಗಿನ ಲೈನ್ ಬೇಕಿಲ್ಲ. ಒಂದೇ ಫೈಲನ್ನು ನಲವತ್ತು ಸಲ ಸುಮ್ನೆ ತರಿಸುವುದು ಯಾಕೆ?

ವಿಂಡೋಸ್ ತನ್ನ ಪಾಡಿಗೆ ತಾನು ಸಂಭಾಳಿಸಿಕೊಳ್ಳುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗಿಲ್ಲ. 'ಆ್ಯಕ್ಟಿವ್ ಅವರ್ಸ್' ಎಂಬ ಸೆಟ್ಟಿಂಗ್ ಕೆಲಸದ ಹೊತ್ತಿನಲ್ಲಿ ಮಷಿನ್ ತಾನಾಗಿಯೇ ರೀಸ್ಟಾರ್ಟ್ ಆಗುವುದನ್ನು ತಡೆಯುತ್ತದೆ, ಅಷ್ಟೇ. ಡೌನ್‌ಲೋಡ್ ತಡೆಯುವುದಿಲ್ಲ. ಇನ್ನು ಡೌನ್‌ಲೋಡ್‌ಗೆ ಮಿತಿ ಹಾಕುವ ಸೆಟ್ಟಿಂಗ್. ಲೈನ್‌ನ ಶೇ 10 ಮಾತ್ರ ಬಳಸಲಿ ಎಂದು ಇಟ್ಟರೆ ಆ ಹತ್ತು ಪ್ರತಿ ಮಷಿನ್‌ಗೂ ಬೇರೆ ಬೇರೆ. ನಲವತ್ತು ಮಷಿನ್ ಸೇರಿದರೆ ಲೈನ್ ಸಾಲುವುದೇ ಇಲ್ಲ. ಒಂದೊಂದಕ್ಕೆ ಬರೀ ಅರ್ಧ ಎಂಬಿಪಿಎಸ್ ಕೊಟ್ಟರೂ 40 ಸೇರಿ 20 ಆಗುತ್ತದೆ, ಅಂದರೆ ಇಡೀ ಲೈನ್. ಪಕ್ಕದ ಮಷಿನ್ ಏನು ಮಾಡುತ್ತಿದೆ ಎಂದು ಯಾವ ಮಷಿನ್‌ಗೂ ಗೊತ್ತಿರುವುದಿಲ್ಲ.

ನಮ್ಮ ತಾತ ಊರ ಕೆರೆಯ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವರ ಕೆಲಸ. ಎಲ್ಲರೂ ಒಟ್ಟಿಗೆ ಮಡೆ ಒಡೆದುಕೊಂಡರೆ ಕೊನೇ ಗದ್ದೆಗೆ ನೀರು ಹೋಗುವುದಿಲ್ಲ ಎನ್ನುತ್ತಿದ್ದರು. ಲ್ಯಾಬ್‌ಗೂ ಒಬ್ಬ ನೀರುಗಂಟಿ ಬೇಕು ಅಂತ ಅವತ್ತು ಅನಿಸಿತು.

ಆಮೇಲೆ ನಾವು ಮಾಡಿದ್ದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ 'ಡೆಲಿವರಿ ಆಪ್ಟಿಮೈಸೇಷನ್' ಎಂಬ ಸೌಲಭ್ಯವಿದೆ. ಒಂದು ಮಷಿನ್ ಇಳಿಸಿಕೊಂಡ ಅಪ್‌ಡೇಟನ್ನು ಅದೇ ನೆಟ್‌ವರ್ಕ್‌ನ ಉಳಿದ ಮಷಿನ್‌ಗಳು ಅದರಿಂದಲೇ ಪಡೆಯಬಹುದು. ನಮ್ಮ ಮಷಿನ್‌ಗಳಲ್ಲಿ ಯಾರೋ ಅದನ್ನು ಆಫ್ ಮಾಡಿಟ್ಟಿದ್ದರು. ಆನ್ ಮಾಡಿ, ಲೋಕಲ್ ನೆಟ್‌ವರ್ಕ್‌ನ ಮಷಿನ್‌ಗಳು ಮಾತ್ರ ಎಂದು ಇಟ್ಟೆವು. ರ್‍ಯಾಮ್ 4 ಜಿಬಿಗಿಂತ ಕಡಿಮೆ ಇರುವ ಹಳೆಯ ಮಷಿನ್‌ಗಳು ಸಾಮಾನ್ಯವಾಗಿ ಈ ಹಂಚಿಕೆಗೆ ಸೇರುವುದಿಲ್ಲ. ಅವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಆದರೆ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರೆ ಇದರಿಂದಲೂ ಜಾಸ್ತಿ ಲಾಭವಿಲ್ಲ. ಯಾರ ಹತ್ತಿರವೂ ಇನ್ನೂ ಫೈಲ್ ಇಲ್ಲದಿದ್ದರೆ ಯಾರು ಯಾರಿಗೆ ಕೊಡಬೇಕು, ಅಲ್ವಾ? ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುಗಡೆ ಮಾಡುತ್ತದೆ. 2003ರಿಂದ ಇದೇ ಪದ್ಧತಿ. ಅದು ಬರುವಾಗ ನಮ್ಮಲ್ಲಿ ರಾತ್ರಿ ಹತ್ತೂವರೆ ಇಲ್ಲವೇ ಹನ್ನೊಂದೂವರೆ. ಹಾಗಾಗಿ ಮರುದಿನ ಬುಧವಾರ ಬೆಳಿಗ್ಗೆ ಎಂಟಕ್ಕೆ ಬಂದು ಎರಡೇ ಮಷಿನ್ ಆನ್ ಮಾಡುತ್ತೇನೆ. ಅವು ಅಪ್‌ಡೇಟ್ ಆಗಿ, ರೀಸ್ಟಾರ್ಟ್ ಆಗಿ, ಪ್ರಿಂಟರ್ ಮತ್ತು ಮಕ್ಕಳ ಪ್ರೋಗ್ರಾಂಗಳು ಸರಿಯಾಗಿ ನಡೆಯುತ್ತವೆಯೇ ನೋಡಿ, ಆಮೇಲೆ ಹತ್ತು ಹತ್ತರಂತೆ ಉಳಿದವು. (ಅದು ಎರಡನೇ ಬುಧವಾರವೇ ಆಗಬೇಕೆಂದಿಲ್ಲ. 1ನೇ ತಾರೀಖು ಬುಧವಾರ ಬಿದ್ದರೆ ಮೂರನೇ ಬುಧವಾರವಾಗುತ್ತದೆ. ನಾನು ಒಮ್ಮೆ ಹೀಗೆ ಒಂದು ವಾರ ಮೊದಲೇ ಬಂದು ಕಾದಿದ್ದೆ.)

ಎರಡು ಮಷಿನ್‌ನಲ್ಲಿ ಮೊದಲು ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಜುಲೈ 19ರಂದು ಕಂಪ್ಯೂಟರ್‌ಗಳಿಗೆ ಭದ್ರತಾ ಸಾಫ್ಟ್‌ವೇರ್ ಕೊಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷದ ಅಪ್‌ಡೇಟ್ ಹಂತಹಂತವಾಗಿ ಹೋಗದೆ ಒಮ್ಮೆಗೇ ಎಲ್ಲ ಕಡೆ ಹೋಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು.

ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು. ಮಕ್ಕಳು ಏನೇ ಮಾಡಿದರೂ ರೀಸ್ಟಾರ್ಟ್ ಆದಾಗ ಮಷಿನ್ ಮೊದಲಿನಂತಾಗಲಿ ಎಂದು 'ಫ್ರೀಜ್' ಮಾಡುವ ಸಾಫ್ಟ್‌ವೇರ್ ಹಾಕಿರುತ್ತೇವಲ್ಲ, ಅದು ಅಪ್‌ಡೇಟನ್ನೂ ಅಳಿಸುತ್ತದೆ. ಮಷಿನ್ ಇವತ್ತು ಇಳಿಸಿದ್ದನ್ನು ನಾಳೆ ಮತ್ತೆ ಇಳಿಸುತ್ತದೆ, ನಾಡಿದ್ದು ಇನ್ನೊಮ್ಮೆ. ನಮ್ಮ ಹನ್ನೆರಡು ಮಷಿನ್‌ಗಳು ತಿಂಗಳುಗಟ್ಟಲೆ ಹೀಗೇ ಮಾಡುತ್ತಿದ್ದವು. ಅಪ್‌ಡೇಟ್ ದಿನ ಫ್ರೀಜ್ ತೆಗೆದು, ಮುಗಿದ ಮೇಲೆ ಮತ್ತೆ ಹಾಕಿ. ವಿಂಡೋಸ್ ಬದಲು ಉಬುಂಟು ಇರುವ ಲ್ಯಾಬ್‌ಗಳಲ್ಲಿ ಅಪ್‌ಡೇಟ್ ಹಂಚಿಕೊಳ್ಳುವುದು ಇನ್ನೂ ಸುಲಭ. ಇಳಿಸಿದ ಅಪ್‌ಡೇಟನ್ನು ಇಟ್ಟುಕೊಂಡು ಉಳಿದ ಮಷಿನ್‌ಗಳಿಗೆ ಕೊಡುವ ಆ್ಯಪ್ಟ್-ಕ್ಯಾಷರ್-ಎನ್‌ಜಿ ಎಂಬ ಸಾಫ್ಟ್‌ವೇರನ್ನು ಒಂದು ಹಳೇ ಮಷಿನ್‌ನಲ್ಲಿ ಹಾಕಿ, ಉಳಿದವುಗಳಲ್ಲಿ ಅದರ ವಿಳಾಸದ ಒಂದು ಸಾಲು ಬರೆದರೆ ಮುಗಿಯಿತು.

ಆ ದಸರಾ ಗಲಾಟೆಯ ಸಂಜೆ ನಮ್ಮ ಪ್ರಿನ್ಸಿಪಾಲರೂ "ಅಪ್‌ಡೇಟ್ ಪೂರ್ತಿ ಆಫ್ ಮಾಡಿಬಿಡಿ" ಎಂದರು. ನಾನು ಅವರಿಗೆ 2017ರ ವಾನಾಕ್ರೈ ನೆನಪಿಸಿದೆ. ಅದು ವಿಂಡೋಸ್‌ನ ಒಂದು ದೋಷದ ಮೂಲಕ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್. ಆ ದೋಷಕ್ಕೆ ಮಾರ್ಚ್ 14ರಂದೇ ಅಪ್‌ಡೇಟ್ ಬಂದಿತ್ತು. ದಾಳಿ ನಡೆದದ್ದು ಮೇ 12ರಂದು. ಸುಮಾರು ಎರಡು ತಿಂಗಳು ಸಮಯವಿದ್ದರೂ ಅದನ್ನು ಹಾಕಿಕೊಳ್ಳದ ಮಷಿನ್‌ಗಳ ಫೈಲ್‌ಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮ್ಮ ಆಫೀಸಿನ ಕಂಪ್ಯೂಟರ್‌ನಲ್ಲಿ ಮಕ್ಕಳ ಅಂಕ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಇದೆ. ಸರ್ ಒಂದು ವಾರ ಸಮಯ ಕೊಟ್ಟರು. ಆ ವಾರದಲ್ಲೇ ಮೇಲೆ ಹೇಳಿದ್ದೆಲ್ಲ ಮಾಡಿದೆವು.

ಕಾಲೇಜು, ಕಚೇರಿಗಳಿಗೆ ಕಂಪ್ಯೂಟರ್ ಕೊಡಿಸುವ ಇಲಾಖೆಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮಷಿನ್ ಜೊತೆ ಈ ಸೆಟ್ಟಿಂಗ್‌ಗಳನ್ನು ಕನ್ನಡದಲ್ಲಿ ಬರೆದ ಅರ್ಧ ಪುಟ ಕೊಡಿ. ಸರಬರಾಜು ಮಾಡುವವರು ಇವನ್ನು ಸರಿಯಾಗಿ ಇಟ್ಟೇ ಬಿಲ್ಲು ಕೊಡಬೇಕು ಎಂದು ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿ. ಅರ್ಜಿಗಳಿಗೆ ಕೊನೆಯ ದಿನ ಗೊತ್ತುಮಾಡುವವರು ಅಪ್‌ಡೇಟ್ ಬಂದ ಮರುದಿನದ ಆ ಬುಧವಾರವನ್ನೂ, ರಜೆ ಮುಗಿದ ಮೊದಲ ದಿನವನ್ನೂ ದಯವಿಟ್ಟು ಬಿಟ್ಟುಬಿಡಿ. ಎರಡೂ ಕ್ಯಾಲೆಂಡರ್‌ನಲ್ಲಿ ಮುಂಚೆಯೇ ಕಾಣುವ ದಿನಗಳು.

— ಕಾಲೇಜೊಂದರ ಲ್ಯಾಬ್ ಸಹಾಯಕ, ತುಮಕೂರು ಜಿಲ್ಲೆ