ಪಕ್ಕದ ಕುರ್ಚಿಯಲ್ಲಿ ಕೂತವರಿಗೆ

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಲ್ಲ ಮೇಡಂ. ಆಸ್ಪತ್ರೆ ವಾರ್ಡಿನ ಆ ಮೀಟಿಂಗಿನಲ್ಲಿ ಎಲ್ಲರೂ ನನ್ನ ವಿಷಯವನ್ನೇ ಮಾತಾಡುತ್ತಿದ್ದರು, ನನ್ನ ಮುಖ ನೋಡಿದವರಿಲ್ಲ. ನೀವು ಬಂದವರೇ ಕುರ್ಚಿ ಎಳೆದು ನನ್ನ ಪಕ್ಕಕ್ಕೆ ಹಾಕಿಕೊಂಡಿರಿ. ಮಾತ್ರೆಯಿಂದ ನನ್ನ ಕೈ ನಡುಗುತ್ತಿತ್ತು, ಪೆನ್ನು ನಿಲ್ಲುತ್ತಿರಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿರಿ, 'ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತಾದರೂ ಬಿಡಲ್ಲ' ಅನ್ನೋದನ್ನೂ ಸೇರಿಸಿ. ಓದಿ ಹೇಳುವಾಗ ಒಂದು ಪದ ತಿದ್ದಲಿಲ್ಲ. ನೀವು ಆಸ್ಪತ್ರೆಯವರೂ ಅಲ್ಲ, ನಮ್ಮ ಮನೆಯವರ ಪರವೂ ಅಲ್ಲ; ರೋಗಿಯ ಮಾತನ್ನಷ್ಟೇ ಮುಂದಿಡೋ ಸ್ವತಂತ್ರ ಪ್ರತಿನಿಧಿ ಅಂದರೆ ಅದೇ ಅಂತ ಆಮೇಲೆ ಗೊತ್ತಾಯಿತು. (ನಿಮ್ಮ ಅಭಿಪ್ರಾಯ ಕೇಳಿದರೆ 'ಅದು ಇಲ್ಲಿ ಬೇಡ' ಅಂದಿರಲ್ಲ, ಆಗ ಸಿಟ್ಟೇ ಬಂದಿತ್ತು.) ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 12ನೇ ವಿಧಿಯನ್ನು, ಅಂದರೆ ಕಾನೂನಿನ ಮುಂದೆ ನಮಗೂ ಎಲ್ಲರಷ್ಟೇ ಮಾನ್ಯತೆ ಇದೆ ಅನ್ನೋದನ್ನು, ಬಿಡಿಸಿ ಹೇಳಿದ್ದೂ ನೀವೇ. ಕೊನೆಗೆ ಡಾಕ್ಟರು ಮಾತ್ರೆಯ ಡೋಸ್ ಇಳಿಸಿದರು. ಥ್ಯಾಂಕ್ಸ್ ಮೇಡಂ. ನೀವು ಬರೆದ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ.